ಒಂದೇ ಪ್ರತಿಯ ವರ್ಣಚಿತ್ರ

ಎರಡಂಗುಲ ಉದ್ದ, ಎರಡಂಗುಲ ಅಗಲದ ರಟ್ಟಿನ ಇಲ್ಲವೇ ಪ್ಲಾಸ್ಟಿಕ್ಕಿನ ಚೌಕಟ್ಟು. ಅದರ ನಡುವೆ ಸೇರಿಸಿದ ಫಿಲ್ಮಿನ ಒಂದು ತುಂಡು. ಮೇಜಿನ ಮೇಲಿಟ್ಟರೆ ಕಪ್ಪಗೆ ಕಾಣುವ ಈ ತುಂಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೊಡನೆ ಅದರೊಳಗಿನ ಮನೆ, ಮರ, ಮನುಷ್ಯರ ಆಕೃತಿಗಳು ತಮ್ಮ ತಮ್ಮ ಬಣ್ಣಗಳೊಡನೆ ಎದ್ದು ಕಾಣುತ್ತವೆ. 'ಸ್ಲೈಡ್' ಎಂದು ನಾವು ಕರೆಯುವುದು ಇದನ್ನೇ. ಕತ್ತಲೆಯ ಕೋಣೆಯಲ್ಲಿ ಪ್ರೊಜೆಕ್ಟರಿನ ಮೂಲಕ ಬಿಳಿಯ ಪರದೆಯ ಮೇಲೆ ಬಿಟ್ಟಾಗ ಅಂಗೈಯಲ್ಲಿ ಅಡಗುವ ಈ ಚಿತ್ರ ಗೋಡೆಯಷ್ಟು ದೊಡ್ಡದಾಗುತ್ತಿದ್ದುದನ್ನು ಹಿರಿಯ ವಾಚಕರು ಕಾಲೇಜಿನ ಸಭಾಂಗಣದಲ್ಲಿಯೋ ಚರ್ಚಿನ ಶಾಲೆಯಲ್ಲಿಯೋ ನೋಡಿರಬಹುದು.

ಆ ಪ್ರೊಜೆಕ್ಟರುಗಳು ಇಂದು ಬಹುಮಟ್ಟಿಗೆ ಮೂಲೆ ಸೇರಿವೆ. ಸ್ಲೈಡುಗಳು ಮಾತ್ರ ಹೋಗಿಲ್ಲ. ಕಬ್ಬಿಣದ ಕಪಾಟಿನ ಅಡಿಯಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೋದ ಮೆತ್ತಿನಲ್ಲಿ ಅವು ಕುಳಿತಿವೆ. 1974ರ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಯೊಳಗೆ ನುಗ್ಗಿದಾಗ, 1982ರಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಬೆಟ್ಟದ ಮೇಲೆ 39 ಅಡಿಯ ಬಾಹುಬಲಿಯ ಮೂರ್ತಿಗೆ ಪ್ರತಿಷ್ಠೆಯಾದಾಗ, ಯಾರ ಕಿಸೆಯಲ್ಲಿಯೂ ಚಿತ್ರ ತೆಗೆಯುವ ಫೋನು ಇರಲಿಲ್ಲ. ಕ್ಯಾಮರದಲ್ಲಿದ್ದುದು ಫಿಲ್ಮು. ಅಂತಹ ದಿನಗಳ ಬಣ್ಣದ ಚಿತ್ರ ಯಾರ ಮನೆಯಲ್ಲಾದರೂ ಸ್ಲೈಡಿನ ರೂಪದಲ್ಲಿ ಉಳಿದಿದ್ದರೆ ಅದು ಉಳಿದಿರುವುದು ಒಂದೇ ಒಂದು ಪ್ರತಿಯಾಗಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮರಗಳ ಸಂಗ್ರಹವನ್ನು ನೋಡಿದವರು ಅನೇಕರು. ಕ್ಯಾಮರಗಳಿಗೆ ದೊರೆತ ಗಾಜಿನ ಕಪಾಟಿನ ಭಾಗ್ಯ, ಅಂತಹ ಕ್ಯಾಮರಗಳಿಂದ ಮನೆಮನೆಗಳಲ್ಲಿ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಒಂದೇ ಪ್ರತಿ ಎಂದೆವಷ್ಟೆ. ಸ್ಲೈಡಿಗೂ ಉಳಿದ ಛಾಯಾಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಸಾಮಾನ್ಯ ಫಿಲ್ಮಿನಲ್ಲಿ ಮೊದಲು ನೆಗೆಟಿವ್, ಎಂದರೆ ಬೆಳಕು ಕತ್ತಲೆಗಳು ತಿರುವುಮುರುವಾದ ಚಿತ್ರ ಉಂಟಾಗುವುದು. ಅದರಿಂದ ಕಾಗದದ ಮೇಲೆ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದು. ಕಾಗದದ ಚಿತ್ರ ಹರಿದುಹೋದರೂ ನೆಗೆಟಿವ್ ಇದ್ದರೆ ಮತ್ತೊಂದು ಸಿದ್ಧವಾಗುತ್ತದೆ. ಸ್ಲೈಡಿನಲ್ಲಿಯಾದರೋ ಕ್ಯಾಮರದೊಳಗೆ ಬೆಳಕನ್ನು ಕಂಡ ಫಿಲ್ಮೇ ಕೊನೆಯ ಚಿತ್ರವೂ ಆಗುವುದು. ತಾಯಿಯೂ ಅದೇ, ಮಗುವೂ ಅದೇ.

ತಿರುವುಮುರುವಿನ ರಸಾಯನ

ನೆಗೆಟಿವ್ ಆಗಬೇಕಾದ ಫಿಲ್ಮು ನೇರವಾದ ಚಿತ್ರವಾಗುವುದು ಹೇಗೆ? ಇಲ್ಲಿ ನಡೆಯುವ ರಾಸಾಯನಿಕ ಕ್ರಿಯೆ ಜಾಣತನದಿಂದ ಕೂಡಿದುದು. ಸ್ವಲ್ಪ ನಿಧಾನವಾಗಿ ನೋಡೋಣ.

ಫಿಲ್ಮಿನ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳನ್ನು ಹರಡಿರುತ್ತಾರೆ. ಬಣ್ಣದ ಫಿಲ್ಮಿನಲ್ಲಿ ಇಂತಹ ಲೇಪ ಮೂರು ಬಗೆಯದು. ಮೇಲಿನದು ನೀಲಿ ಬೆಳಕಿಗೂ ನಡುವಿನದು ಹಸುರಿಗೂ ಕೆಳಗಿನದು ಕೆಂಪಿಗೂ ಸ್ಪಂದಿಸುತ್ತದೆ. ಮೂರೂ ಸೇರಿದರೂ ತಲೆಗೂದಲಿನ ದಪ್ಪಕ್ಕಿಂತ ಕಡಮೆ. ಬೆಳಕು ಬಿದ್ದ ಹರಳುಗಳಲ್ಲಿ ಕಣ್ಣಿಗೆ ಕಾಣದಂತಹ ಒಂದು ಗುರುತು ಉಂಟಾಗುತ್ತದೆ, ಅಷ್ಟೆ. ಆ ಗುರುತನ್ನು ಕಾಣುವಂತೆ ಮಾಡುವ ಕೆಲಸವನ್ನೇ ಸ್ಟುಡಿಯೋದವರು 'ರೋಲು ತೊಳೆಯುವುದು' ಎಂದು ಕರೆಯುತ್ತಾರೆ.

ಸ್ಲೈಡ್ ಫಿಲ್ಮನ್ನು ತೊಳೆಯಲು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 'ಈ-6' ಎಂಬ ವಿಧಾನ. 1970ರ ದಶಕದ ಮಧ್ಯದಲ್ಲಿ ಕೊಡಕ್ ಕಂಪೆನಿ ಇದನ್ನು ಬಳಕೆಗೆ ತಂದಿತು. ಮೊದಲು ಫಿಲ್ಮನ್ನು ಸಂಪೂರ್ಣ ಕತ್ತಲೆಯಲ್ಲಿ ತೊಟ್ಟಿಯೊಳಗೆ ಸುತ್ತಿ ಪ್ರಥಮ ಡೆವಲಪರ್ ದ್ರವದಲ್ಲಿ 6 ನಿಮಿಷ ಇಡುತ್ತಾರೆ. ಬೆಳಕು ಬಿದ್ದ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಎಂದರೆ ಕಪ್ಪು ಬಿಳುಪಿನ ಒಂದು ನೆಗೆಟಿವ್ ಸಿದ್ಧವಾಯಿತು. ಇಲ್ಲಿಗೆ ನಿಲ್ಲಿಸದೆ, ತೊಳೆದ ಬಳಿಕ ತವರದ ಲವಣವಿರುವ ಮತ್ತೊಂದು ದ್ರವದಲ್ಲಿ ಮುಳುಗಿಸುವರು. ಇದರ ಪ್ರಭಾವದಿಂದ, ಬೆಳಕನ್ನೇ ಕಾಣದೆ ಉಳಿದಿದ್ದ ಹರಳುಗಳೂ ಬೆಳಕು ಕಂಡವುಗಳಂತೆ ವರ್ತಿಸತೊಡಗುತ್ತವೆ. ತಿರುವು ಇರುವುದು ಈ ಘಟ್ಟದಲ್ಲಿ. ಅನಂತರ ಬರುವ ವರ್ಣ ಡೆವಲಪರ್ ಈ ಉಳಿದ ಹರಳುಗಳನ್ನು ಬೆಳ್ಳಿಯನ್ನಾಗಿ ಮಾರ್ಪಡಿಸುವಾಗ ತಾನೂ ಮಾರ್ಪಟ್ಟು, ಆಯಾ ಪದರದಲ್ಲಿ ಮೊದಲೇ ಸೇರಿಸಿಟ್ಟಿರುವ ವಸ್ತುವಿನೊಡನೆ ಕೂಡಿ ಬಣ್ಣವನ್ನು ಹುಟ್ಟಿಸುತ್ತದೆ: ನೀಲಿಯ ಪದರದಲ್ಲಿ ಹಳದಿ, ಹಸುರಿನ ಪದರದಲ್ಲಿ ಮಜೆಂಟ ಎಂಬ ಕೆನ್ನೇರಿಳೆ, ಕೆಂಪಿನ ಪದರದಲ್ಲಿ ಸಯಾನ್ ಎಂಬ ಹಸುರುನೀಲಿ.

ಒಂದು ಅಡಿಕೆಯ ಹಣ್ಣಿನ ಚಿತ್ರವನ್ನು ತೆಗೆದೆವು ಎಂದಿಟ್ಟುಕೊಳ್ಳೋಣ. ಹಣ್ಣಿನ ಕಿತ್ತಳೆ ಬಣ್ಣದಲ್ಲಿ ಕೆಂಪು ಹೆಚ್ಚು, ಹಸುರು ಸ್ವಲ್ಪ, ನೀಲಿ ಇಲ್ಲವೆನ್ನುವಷ್ಟು ಕಡಮೆ. ಕೆಂಪಿನ ಪದರ ಪೂರ್ತಿ ಬೆಳಕು ಕಂಡದ್ದರಿಂದ ಅಲ್ಲಿಯ ಹರಳುಗಳು ಪ್ರಥಮ ಡೆವಲಪರಿನಲ್ಲಿಯೇ ತೀರಿಹೋದವು. ಸಯಾನ್ ಹುಟ್ಟಲು ಏನೂ ಉಳಿಯಲಿಲ್ಲ. ನೀಲಿಯ ಪದರ ಬೆಳಕು ಕಾಣದ್ದರಿಂದ ಅಲ್ಲಿ ಹಳದಿ ತುಂಬ ಹುಟ್ಟಿತು. ನಡುವಿನ ಪದರದಲ್ಲಿ ಮಜೆಂಟ ಒಂದಿಷ್ಟು. ಹಳದಿಯೂ ಸ್ವಲ್ಪ ಮಜೆಂಟವೂ ಸೇರಿದಾಗ ಕಣ್ಣಿಗೆ ಕಾಣುವುದು ಕಿತ್ತಳೆಯೇ! ಕೊನೆಗೆ ಬ್ಲೀಚ್ ದ್ರವವು ಬೆಳ್ಳಿಯನ್ನು ಮತ್ತೆ ಲವಣವಾಗಿಸುತ್ತದೆ. ಫಿಕ್ಸರ್ ಅದನ್ನು ಕರಗಿಸಿ ಹೊರಗೆ ಒಯ್ಯುತ್ತದೆ. ಆದುದರಿಂದ ಸಿದ್ಧವಾದ ವರ್ಣಸ್ಲೈಡಿನಲ್ಲಿ ಬೆಳ್ಳಿಯ ಕಣವೂ ಇಲ್ಲ. ಅಲ್ಲಿರುವುದು ಬರಿಯ ಬಣ್ಣ ಮತ್ತು ಅಂಟು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಎರಡು ಕಡೆ ಬೇಕಾಗುತ್ತದೆ.

ಪ್ರಥಮ ಡೆವಲಪರಿನ ಉಷ್ಣತೆ 38 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಹೆಚ್ಚು ಕಡಮೆಯಾಗಬಹುದಾದದ್ದು ಒಂದು ಡಿಗ್ರಿಯ ಮೂರನೆಯ ಒಂದಂಶದಷ್ಟು ಮಾತ್ರ. ಚಳಿಯ ದೇಶದವರಿಗೆ ಇದು ದೊಡ್ಡ ತಲೆನೋವು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಕಪ್ಪು ಬಿಳುಪಿನ ಫಿಲ್ಮನ್ನು 20 ಡಿಗ್ರಿಯಲ್ಲಿ ತೊಳೆಯಲು ಏಪ್ರಿಲ್ ತಿಂಗಳಿನಲ್ಲಿ ಇಲ್ಲಿಯವರು ಮಂಜುಗಡ್ಡೆ ತರಬೇಕಾಗುವುದು. ಸ್ಲೈಡಿಗಾದರೋ ಬಾವಿಯ ನೀರಿಗೆ ಒಂದಿಷ್ಟು ಬಿಸಿನೀರು ಬೆರೆಸಿ, ದ್ರವದ ಬಾಟಲಿಗಳನ್ನು ಅಗಲವಾದ ತೊಟ್ಟಿಯಲ್ಲಿ ನಿಲ್ಲಿಸಿದರೆ ಉಷ್ಣತೆಯನ್ನು ಕಾಯ್ದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಮನೆಯಲ್ಲಿಯೇ ಬಳಸಬಹುದಾದ ದ್ರವಗಳ ಸಣ್ಣ ಪೆಟ್ಟಿಗೆಗಳು ಈಗಲೂ ದೊರೆಯುತ್ತವೆ. ಅವುಗಳಲ್ಲಿ ಬ್ಲೀಚನ್ನೂ ಫಿಕ್ಸರನ್ನೂ ಒಂದೇ ಬಾಟಲಿಯಲ್ಲಿ ಸೇರಿಸಿ ಕೆಲಸವನ್ನು ಮೂರು ದ್ರವಗಳಿಗೆ ಇಳಿಸಿರುವುದುಂಟು. ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶವೂ ಕೆಂಪು ಧೂಳೂ ಇರುವ ಸಂಭವವುಂಟಾದ್ದರಿಂದ ಸೋಸಿದ ನೀರನ್ನು, ಕೊನೆಯ ತೊಳೆತಕ್ಕೆ ಬಟ್ಟಿಯಿಳಿಸಿದ ನೀರನ್ನು ಬಳಸುವುದು ಲೇಸು. ಬಳಸಿ ಮುಗಿದ ದ್ರವದಲ್ಲಿ ಬೆಳ್ಳಿ ಸೇರಿರುತ್ತದೆ. ಅದನ್ನು ತೋಟದ ಕಣಿಗೆ ಚೆಲ್ಲಬಾರದು.

ಯಾವುದನ್ನು ತೊಳೆಯಬಹುದು?

ಹಳೆಯ ಕ್ಯಾಮರದೊಳಗೆ ತೊಳೆಯದ ರೋಲೊಂದು ದೊರೆತರೆ ಮೊದಲು ಅದರ ಹೆಸರನ್ನು ಓದಬೇಕು. ಎಕ್ಟಾಕ್ರೋಮ್, ಫ್ಯೂಜಿಕ್ರೋಮ್ ಎಂದಿದ್ದು ಪಕ್ಕದಲ್ಲಿ ಈ-6 ಎಂದು ಅಚ್ಚಾಗಿದ್ದರೆ ಚಿಂತೆಯಿಲ್ಲ. ಎಕ್ಟಾಕ್ರೋಮಿನ ತಯಾರಿಕೆಯನ್ನು ಕೊಡಕ್ 2012ರಲ್ಲಿ ಕೈಬಿಟ್ಟಿದ್ದರೂ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಫ್ಯೂಜಿಯವರ ಪ್ರೊವಿಯ, ವೆಲ್ವಿಯ ಫಿಲ್ಮುಗಳೂ ಇದೇ ವಿಧಾನಕ್ಕೆ ಒಳಪಟ್ಟವು.

ಕೊಡಾಕ್ರೋಮಿನ ಕಥೆ ಬೇರೆ. 1935ರಲ್ಲಿ ಬಂದ ಈ ಫಿಲ್ಮನ್ನು ರೂಪಿಸಿದವರು ಮ್ಯಾನ್ನೆಸ್ ಮತ್ತು ಗೊಡೋವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು ಎಂದರೆ ಆಶ್ಚರ್ಯವಾದೀತು. ಅದರಲ್ಲಿ ಬಣ್ಣ ಹುಟ್ಟಿಸುವ ವಸ್ತು ಫಿಲ್ಮಿನಲ್ಲಿ ಇರುವುದೇ ಇಲ್ಲ. ತೊಳೆಯುವಾಗ ಮೂರು ಪದರಗಳಿಗೆ ಮೂರು ಬೇರೆ ಬೇರೆ ದ್ರವಗಳಿಂದ ಅದನ್ನು ಒದಗಿಸಬೇಕು. ಇಷ್ಟು ಜಟಿಲವಾದ ಕೆಲಸ ದೊಡ್ಡ ಯಂತ್ರಗಳಿಂದ ಮಾತ್ರ ಸಾಧ್ಯ. ಕೊಡಕ್ 2009ರಲ್ಲಿ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಜಗತ್ತಿನಲ್ಲಿ ಅದನ್ನು ತೊಳೆಯುತ್ತಿದ್ದ ಕೊನೆಯ ಅಂಗಡಿ, ಅಮೆರಿಕದ ಕ್ಯಾನ್ಸಸ್ ಪ್ರಾಂತದ ಪಾರ್ಸನ್ಸ್ ಎಂಬ ಊರಿನ ಡ್ವೇನ್ಸ್ ಫೋಟೊ, 2010ರ ಡಿಸೆಂಬರ್ 30ರವರೆಗೆ ಮಾತ್ರ ರೋಲುಗಳನ್ನು ಸ್ವೀಕರಿಸಿತು. ಇಂದು ತೊಳೆಯದ ಕೊಡಾಕ್ರೋಮ್ ದೊರೆತರೆ ಅದರಿಂದ ಕಪ್ಪು ಬಿಳುಪಿನ ಚಿತ್ರವನ್ನು ಹೊರಡಿಸಬಹುದೇ ಹೊರತು ಬಣ್ಣವನ್ನಲ್ಲ.

ಪೂರ್ವ ಜರ್ಮನಿಯ ಓರ್ವೋಕ್ರೋಮ್ 1970 ಮತ್ತು 80ರ ದಶಕಗಳಲ್ಲಿ ನಮ್ಮ ದೇಶದಲ್ಲಿ ಬಹಳ ಕಡೆ ಕಾಣಸಿಗುತ್ತಿತ್ತು. ಅದರ ತೊಳೆಯುವ ವಿಧಾನ ಪ್ರತ್ಯೇಕ. ಅದರ ಅಂಟೂ ಮೃದು. ಈ-6ರ ಬಿಸಿ ದ್ರವಕ್ಕೆ ಹಾಕಿದರೆ ಲೇಪವೇ ಕಳಚಿಬರುವ ಅಪಾಯವುಂಟು. ಯಾವ ಜಾತಿಯದಾದರೂ, ತೊಳೆಯದ ರೋಲಿನೊಳಗಿನ ಕಾಣದ ಗುರುತು ಬಿಸಿಲಿನ ತಾಪಕ್ಕೆ ವರ್ಷೇ ವರ್ಷೇ ಮಾಸುತ್ತದೆ. ತೊಳೆಯಿಸಬೇಕೆಂದಿದ್ದರೆ ಈ ವರ್ಷವೇ ತೊಳೆಯಿಸತಕ್ಕದ್ದು.

ಬೂಷ್ಟು ಎಂಬ ಶತ್ರು

ತೊಳೆದು ಚೌಕಟ್ಟಿಗೆ ಸೇರಿದ ಸ್ಲೈಡುಗಳಿಗೆ ನಮ್ಮ ನಾಡಿನಲ್ಲಿ ಎದುರಾಗುವ ಕಷ್ಟ ಬೇರೆ ಬಗೆಯದು. ಜೆಲಟಿನ್ ಎಂಬುದು ದನದ ಚರ್ಮ, ಮೂಳೆಗಳಿಂದ ತೆಗೆದ ಪ್ರೋಟೀನು; ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆಹಾರ ಬೇಕೆ? ಗಾಳಿಯ ತೇವಾಂಶ ಶೇಕಡಾ 65ನ್ನು ಮೀರಿದರೆ ಸಾಕು, ಅದು ಚಿಗುರತೊಡಗುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯ ಕಡೆ ಇನ್ನೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ತೇವಾಂಶ 65ಕ್ಕೆ ಇಳಿಯುವ ದಿನ ಅಪರೂಪ. ಅಡಿಕೆಯನ್ನು ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಏನಾಗುವುದೆಂದು ಇಲ್ಲಿಯ ಕೃಷಿಕರಿಗೆ ಹೇಳಬೇಕಾದುದಿಲ್ಲ; ಬಿಸ್ಕತ್ತಿನ ಡಬ್ಬಿಯೊಳಗಿನ ಸ್ಲೈಡಿಗೆ ಆಗುವುದೂ ಅದೇ. ಮೊದಲು ಜೇಡರ ಬಲೆಯಂತಹ ಎಳೆಗಳು, ಆಮೇಲೆ ಆ ಎಳೆಗಳ ದಾರಿಯಲ್ಲಿಯೇ ಬಣ್ಣ ಕೊರೆದುಹೋದ ಗೀರುಗಳು.

ಬೂಷ್ಟು ಕಂಡೊಡನೆ ನೀರಿನಲ್ಲಿ ತೊಳೆಯುವುದು ಸಹಜವಾಗಿ ತೋರುವ ಉಪಾಯ. ಅದೇ ಸಲ್ಲದು. ಬೂಷ್ಟು ಸೋಂಕಿದ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ. ಒದ್ದೆಯ ಬಟ್ಟೆ ಮುಟ್ಟಿದರೆ ಚಿತ್ರವೇ ಒರೆಸಿಹೋದೀತು. ನೀರಿಲ್ಲದ ಫಿಲ್ಮ್ ಶುದ್ಧಿದ್ರವದಿಂದ, ಇಲ್ಲವೇ ಶೇಕಡಾ 98ಕ್ಕಿಂತ ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ, ನವುರಾದ ಬಟ್ಟೆಯಲ್ಲಿ ಹಗುರವಾಗಿ ಒರೆಸಬೇಕು. ಅದನ್ನೂ ಮೊದಲು ಬೇಡವಾದ ಒಂದು ಸ್ಲೈಡಿನ ಅಂಚಿನಲ್ಲಿ ಪರೀಕ್ಷಿಸಿ ನೋಡಿ ಮುಂದುವರಿಯುವುದು ವಿವೇಕ.

ನೆರೆಯ ನೀರು ಹೊಕ್ಕ ಸ್ಲೈಡುಗಳಿಗೆ ಮಾತ್ರ ನಿಯಮ ಇದಕ್ಕೆ ವಿರುದ್ಧ. ಬಂಟ್ವಾಳಕ್ಕೆ 1923ರ ನೆರೆ ಗೊತ್ತು, 1974ರದು ಗೊತ್ತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಹಳ್ಳಿಗಳು ಕಂಡುದನ್ನು ಯಾರೂ ಮರೆತಿಲ್ಲ. ಕೆಸರುನೀರಿನಲ್ಲಿ ನೆನೆದ ಫಿಲ್ಮು ಉಬ್ಬಿ ಅಂಟಂಟಾಗಿರುತ್ತದೆ. ಹಾಗೆಯೇ ಬಿಸಿಲಿಗೆ ಹಾಕಿದರೆ ಪಕ್ಕದ ಸ್ಲೈಡಿಗೋ ಚೌಕಟ್ಟಿನ ಗಾಜಿಗೋ ಕಚ್ಚಿಕೊಂಡು ಒಣಗಿ, ಬಿಡಿಸಿದಾಗ ಲೇಪ ಕಿತ್ತುಬರುತ್ತದೆ. ಆದುದರಿಂದ ಅದನ್ನು ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲಿಯೇ ಮುಳುಗಿಸಿಟ್ಟು, ಒಂದೆರಡು ದಿನಗಳೊಳಗೆ ಚೌಕಟ್ಟು ಬಿಚ್ಚಿ, ಒಂದೊಂದಾಗಿ ತೊಳೆದು, ದಾರಕ್ಕೆ ತೂಗಹಾಕಿ ನೆರಳಿನಲ್ಲಿ ಒಣಗಿಸತಕ್ಕದ್ದು.

ಬೂಷ್ಟು ಮುಟ್ಟದಿದ್ದರೂ ಬಣ್ಣ ತಾನಾಗಿ ಮಾಸುತ್ತದೆ. ಉಳಿದಿರುವುದು ಬರಿಯ ಬಣ್ಣ ಎಂದೆವಲ್ಲ. ಅದು ಸಾವಯವ ವಸ್ತು, ಕಾಲಕ್ರಮದಲ್ಲಿ ಒಡೆಯುತ್ತದೆ. 1950 ಮತ್ತು 60ರ ದಶಕಗಳ ಎಕ್ಟಾಕ್ರೋಮ್ ಸ್ಲೈಡುಗಳು ಡಬ್ಬಿಯ ಕತ್ತಲೆಯಲ್ಲಿದ್ದೂ ಕೆಂಪೇರಿರುವುದು ಇದರಿಂದಲೇ. ಕೊಡಾಕ್ರೋಮ್ ಕತ್ತಲೆಯಲ್ಲಿ ಬಹುಕಾಲ ಬಾಳುತ್ತದೆ. ಆದರೆ ಪ್ರೊಜೆಕ್ಟರಿನ ಬೆಳಕಿಗೆ ಬೇಗ ಸೋಲುತ್ತದೆ. ಮೆಚ್ಚಿ ಮೆಚ್ಚಿ ತೋರಿಸಿದ ಸ್ಲೈಡೇ ಮೊದಲು ಬಿಳಿಚಿಕೊಳ್ಳುವುದು ವಿಪರ್ಯಾಸ.

ನಕಲಿನ ತೊಡಕು

ಒಂದೇ ಪ್ರತಿ ಇದ್ದರೆ ಇನ್ನೊಂದು ಮಾಡಿಟ್ಟರಾಯಿತಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಮೂಡುಬಿದಿರೆಯವರಿಗೆ ಈ ಪ್ರಶ್ನೆ ಹೊಸದೂ ಅಲ್ಲ.

ಮೂಡುಬಿದಿರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು 1430ರ ಸಾವಿರ ಕಂಬದ ಬಸದಿ. ಆದರೆ ವಿದ್ವಾಂಸರು ಆ ಊರನ್ನು ಹುಡುಕಿಕೊಂಡು ಬಂದುದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿದ್ದ ತಾಳೆಯೋಲೆಗಳಿಗಾಗಿ. ಜೈನರ ಸಿದ್ಧಾಂತ ಗ್ರಂಥಗಳಾದ ಧವಳ, ಜಯಧವಳ, ಮಹಾಧವಳಗಳ ಪ್ರಾಚೀನ ಪ್ರತಿ, ಹಳಗನ್ನಡ ಲಿಪಿಯಲ್ಲಿ ಬರೆದುದು, ಉಳಿದಿದ್ದುದು ಇಡೀ ಭಾರತದಲ್ಲಿ ಅಲ್ಲಿ ಮಾತ್ರ. 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ನಕಲಿನ ಕೆಲಸ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ನಕಲು ಊರು ದಾಟಿತು. ನಕಲಿನ ನಕಲು ಉತ್ತರ ಭಾರತಕ್ಕೆ ಹೋಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಳದ ಸಂಪುಟಗಳು ಅಚ್ಚಾಗತೊಡಗಿದವು. ಇಂದು ಮೂಲ ಓಲೆಗೆ ಏನೇ ಆದರೂ ಗ್ರಂಥ ನಾಶವಾಗುವುದಿಲ್ಲ.

ಇದು ಸಾಧ್ಯವಾದುದು ಹೇಗೆ? ಓಲೆಯ ಮೇಲಿರುವುದು ಅಕ್ಷರ. ಅಕ್ಷರ 'ಕ' ಆಗಿರಬೇಕು, ಇಲ್ಲವೇ 'ಗ' ಆಗಿರಬೇಕು. ನಡುವಣ ಸ್ಥಿತಿ ಇಲ್ಲ. ಲಿಪಿಕಾರನ ಕೈಬರಹ ಕೆಟ್ಟದಾಗಿದ್ದರೂ 'ಕ'ವನ್ನು 'ಕ' ಎಂದು ಗುರುತಿಸಿ ಬರೆದರೆ ಸಾಕು, ಹತ್ತನೆಯ ನಕಲು ಕೂಡ ಮೂಲಕ್ಕೆ ಸಮಾನ. ಆದರೆ ಆ ಓಲೆಗಳಲ್ಲಿ ಕೆಲವದರ ಮೇಲೆ ವರ್ಣಚಿತ್ರಗಳೂ ಇವೆ. ಲಿಪಿಕಾರ ಅಕ್ಷರಗಳನ್ನು ಒಯ್ದಂತೆ ಆ ಚಿತ್ರಗಳನ್ನು ಒಯ್ಯಲಾರ. ಗೆರೆ ತುಸು ದಪ್ಪವಾದೀತು, ಕೆಂಪು ತುಸು ಕಂದಿದಂತಾದೀತು. ಆ ನಕಲನ್ನು ನೋಡಿ ಬರೆದವನು ಇನ್ನೂ ಒಂದು ಹೆಜ್ಜೆ ದೂರ ಹೋದಾನು.

ಸ್ಲೈಡಿನಿಂದ ಸ್ಲೈಡನ್ನು ತೆಗೆಯುವುದೂ ಹೀಗೆಯೇ. ಸಾಮಾನ್ಯ ಸ್ಲೈಡ್ ಫಿಲ್ಮು ದೃಶ್ಯದಲ್ಲಿರುವ ಬೆಳಕು ನೆರಳುಗಳ ಅಂತರವನ್ನು ಹಿಗ್ಗಿಸಿ ತೋರಿಸುವಂತಹುದು. ಕತ್ತಲೆ ಕೋಣೆಯಲ್ಲಿ ನೋಡಲು ಅದು ಚೆನ್ನ. ಈ ಹಿಗ್ಗುವಿಕೆ 1.6 ಪಟ್ಟು ಎಂದಿಟ್ಟುಕೊಳ್ಳೋಣ. ಮೂಲದಲ್ಲಿ ಒಂದು ಭಾಗ ಇನ್ನೊಂದಕ್ಕಿಂತ ಅರ್ಧದಷ್ಟು ಬೆಳಕನ್ನು ಬಿಡುತ್ತಿದ್ದರೆ ಅದೇ ಫಿಲ್ಮಿನ ಮೇಲೆ ತೆಗೆದ ನಕಲಿನಲ್ಲಿ ಮೂರನೆಯ ಒಂದರಷ್ಟನ್ನು ಮಾತ್ರ ಬಿಡುತ್ತದೆ. ಬಸದಿಯ ಕಂಬಗಳ ನೆರಳು ಕಪ್ಪಾಗಿ ಹೂತುಹೋಗುತ್ತದೆ. ಅಂಗಳದ ಬಿಸಿಲು ಬರಿಯ ಬಿಳುಪಾಗುತ್ತದೆ. ಇದನ್ನು ತಪ್ಪಿಸಲೆಂದೇ ನಕಲಿಗಾಗಿ ಮೆದುವಾದ ಪ್ರತ್ಯೇಕ ಫಿಲ್ಮುಗಳಿದ್ದವು. ಅವುಗಳ ತಯಾರಿಕೆ ನಿಂತು ವರ್ಷಗಳಾದುವು. ಈಗ ಸಾಮಾನ್ಯ ಫಿಲ್ಮಿನ ಮೇಲೆಯೇ ನಕಲು ತೆಗೆಯಬೇಕೆಂದರೆ, ಮೊದಲು ಅದಕ್ಕೆ ಅತಿ ಕ್ಷೀಣವಾದ ಬೆಳಕನ್ನು ಒಂದು ಬಾರಿ ತಾಗಿಸಿ ನೆರಳನ್ನು ಸ್ವಲ್ಪ ಎತ್ತುವ ಉಪಾಯವೊಂದಿದೆ. ಕುತೂಹಲವುಳ್ಳವರು ಮಾಡಿ ನೋಡಬಹುದು. ಆದರೆ ಉಳಿಸುವ ಉದ್ದೇಶಕ್ಕೆ ಇದನ್ನು ನಾವು ಸಲಹೆ ಮಾಡಲಾರೆವು.

ಚಿತ್ರವನ್ನು ಅಕ್ಷರವಾಗಿಸುವುದು

ಹಾಗಾದರೆ ಚಿತ್ರವನ್ನೇ ಅಕ್ಷರಗಳಾಗಿ ಮಾರ್ಪಡಿಸಿದರೆ? ಅಂಕೀಕರಣ ಅಥವಾ ಡಿಜಿಟಲೀಕರಣ ಎಂಬುದರ ತಿರುಳು ಇಷ್ಟೇ. ಸ್ಲೈಡಿನ ಚಿತ್ರಭಾಗ 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲ. ಅಂಗುಲಕ್ಕೆ 4000 ಚುಕ್ಕೆಗಳಂತೆ ಅಳೆಯುವ ಸ್ಕ್ಯಾನರು ಅದನ್ನು ಸುಮಾರು 5670 ಸಾಲು, 3780 ಸಾಲುಗಳ ಚೌಕಗಳಾಗಿ ಒಡೆಯುತ್ತದೆ. ಒಟ್ಟು ಎರಡು ಕೋಟಿ ಹದಿನಾಲ್ಕು ಲಕ್ಷ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯಲ್ಲಿ ಕೆಂಪು, ಹಸುರು, ನೀಲಿಗಳು ಎಷ್ಟೆಷ್ಟೆಂದು ಮೂರು ಸಂಖ್ಯೆಗಳನ್ನು ಬರೆದಿಡುತ್ತದೆ. ಅನಂತರ ಅದು ಚಿತ್ರವಲ್ಲ, ಸಂಖ್ಯೆಗಳ ಓಲೆಗ್ರಂಥ. ಅದರ ನೂರನೆಯ ನಕಲು ಮೊದಲನೆಯದಕ್ಕೆ ಅಕ್ಷರಶಃ ಸಮ.

ಆದರೆ ಚಿತ್ರವನ್ನು ಸಂಖ್ಯೆಯಾಗಿಸುವ ಆ ಮೊದಲ ಹೆಜ್ಜೆಯಲ್ಲಿ ಕಳೆದುಕೊಂಡುದು ಮತ್ತೆ ಬಾರದು. ಎಚ್ಚರ ಬೇಕಾದುದು ಅಲ್ಲಿ. ಸ್ಲೈಡಿನ ಕಡುನೆರಳು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸಾವಿರದಲ್ಲೊಂದು ಪಾಲನ್ನು, ಕೆಲವೊಮ್ಮೆ ಅದಕ್ಕಿಂತಲೂ ಕಡಮೆಯನ್ನು, ಹೊರಬಿಡುತ್ತದೆ. ಪ್ರತಿ ಬಣ್ಣವನ್ನು 0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ ಬರೆಯುವ 8 ಬಿಟ್ಟಿನ ಕಡತಕ್ಕೆ ಈ ನೆರಳಿನ ಸೂಕ್ಷ್ಮಗಳು ನಿಲುಕುವುದು ಕಷ್ಟ. 65,536 ಮೆಟ್ಟಿಲುಗಳಿರುವ 16 ಬಿಟ್ಟಿನ ಟಿಫ್ ಕಡತವೇ ಮೇಲು. ಆಗ ಒಂದು ಸ್ಲೈಡಿಗೆ ಸುಮಾರು 13 ಕೋಟಿ ಬೈಟುಗಳು. ಸಾವಿರ ಸ್ಲೈಡುಗಳಿಗೆ ಸುಮಾರು 130 ಗಿಗಾಬೈಟು. ಕಿಸೆಯಲ್ಲಿ ಹಿಡಿಸುವ ಡಿಸ್ಕಿಗೆ ಇದು ಭಾರವಲ್ಲ. ಹಂಚಲು ಬೇಕಾದ ಚಿಕ್ಕ ಜೆಪೆಗ್ ಚಿತ್ರಗಳನ್ನು ಇದರಿಂದ ಆಮೇಲೆ ತೆಗೆದುಕೊಳ್ಳಬಹುದು.

ಫಿಲ್ಮಿಗೆಂದೇ ಮಾಡಿದ ಒಳ್ಳೆಯ ಸ್ಕ್ಯಾನರುಗಳಲ್ಲಿ ಒಂದು ಸೊಗಸಾದ ಉಪಾಯವಿದೆ. ಕೆಂಪು, ಹಸುರು, ನೀಲಿಗಳಲ್ಲದೆ ನಾಲ್ಕನೆಯ ಬಾರಿ ಅವು ಸ್ಲೈಡನ್ನು ಅವಕೆಂಪು ಕಿರಣದಿಂದಲೂ ನೋಡುತ್ತವೆ. ಬಣ್ಣಗಳ ಮೂಲಕ ಅವಕೆಂಪು ಕಿರಣ ಅಡ್ಡಿಯಿಲ್ಲದೆ ಹಾದುಹೋಗುತ್ತದೆ. ಧೂಳು, ಗೀರುಗಳ ಬಳಿ ತಡೆಯುತ್ತದೆ. ಹೀಗೆ ದೊರೆಯುವುದು ಧೂಳಿನ ಒಂದು ನಕಾಶೆ! ಅದನ್ನು ಹಿಡಿದು ಯಂತ್ರವು ಆಯಾ ಸ್ಥಳಗಳನ್ನು ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಸ್ಲೈಡಿನಲ್ಲಿ ಬೆಳ್ಳಿ ಇಲ್ಲ ಎಂಬ ಮಾತು ಎರಡನೆಯ ಬಾರಿ ಬೇಕಾದುದು ಇಲ್ಲಿ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿ ಅವಕೆಂಪನ್ನೂ ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಧೂಳೆಂದು ಭ್ರಮಿಸುತ್ತದೆ. ಕೊಡಾಕ್ರೋಮಿನಲ್ಲಿಯೂ ಈ ಉಪಾಯ ಪೂರ್ತಿ ನಂಬಿಕೆಗೆ ಅರ್ಹವಲ್ಲ.

ಸ್ಕ್ಯಾನರು ಎಲ್ಲರ ಕೈಗೆ ಎಟುಕದು. ಒಂದು ಸ್ಲೈಡಿಗೆ ಹಲವು ನಿಮಿಷಗಳೂ ಹಿಡಿಯುತ್ತವೆ. ಆದುದರಿಂದ ಈಗ ಹೆಚ್ಚು ಪ್ರಚಾರಕ್ಕೆ ಬಂದಿರುವುದು ಕ್ಯಾಮರದಿಂದಲೇ ಸ್ಲೈಡಿನ ಚಿತ್ರ ತೆಗೆಯುವ ಕ್ರಮ. ಮದುವೆಯ ಫೋಟೊ ತೆಗೆಯುವ ಸ್ಟುಡಿಯೋಗಳು ಬಂಟ್ವಾಳದಲ್ಲಿಯೂ ಮೂಡುಬಿದಿರೆಯಲ್ಲಿಯೂ ಇವೆ. ಅವರ ಬಳಿ ಇರುವ 24 ಮೆಗಾಪಿಕ್ಸೆಲ್ಲಿನ ಕ್ಯಾಮರವೇ ಸಾಕು. 6000 ಮತ್ತು 4000 ಚುಕ್ಕೆಗಳ ಅದರ ಚೌಕವೂ ಸ್ಲೈಡಿನಂತೆ ಮೂರಕ್ಕೆ ಎರಡರ ಪ್ರಮಾಣದ್ದೇ. ಬೇಕಾದುದು ವಸ್ತುವನ್ನು ಅದರ ಗಾತ್ರದಲ್ಲಿಯೇ ಹಿಡಿಯಬಲ್ಲ ಮ್ಯಾಕ್ರೊ ಮಸೂರ, ಗಟ್ಟಿಯಾದ ಒಂದು ಸ್ಟ್ಯಾಂಡು, ಕೆಳಗಿನಿಂದ ಸಮನಾಗಿ ಬೆಳಗುವ ಎಲ್.ಇ.ಡಿ. ಹಲಗೆ. ಹಲಗೆಯ ಬೆಳಕು ಬಣ್ಣಗಳನ್ನು ನಿಜವಾಗಿ ತೋರಿಸುವ ಸೂಚ್ಯಂಕ 95ಕ್ಕಿಂತ ಮೇಲಿರಬೇಕು. ಅಗ್ಗದ ದೀಪದ ಬೆಳಕಿನಲ್ಲಿ ಕೆಲವು ಬಣ್ಣಗಳು ಇಲ್ಲವೇ ಇಲ್ಲ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಸ್ಲೈಡು ಎಲ್ಲಿಂದ ತೋರಿಸೀತು? ಮೊಬೈಲ್ ಫೋನಿನ ಪರದೆಯನ್ನು ದೀಪವಾಗಿ ಬಳಸುವವರಿದ್ದಾರೆ. ಪರದೆಯ ಚುಕ್ಕೆಗಳೇ ಚಿತ್ರದ ಹಿಂದೆ ಬಲೆಯಂತೆ ಕಾಣಬಹುದಾದ್ದರಿಂದ ಅದು ಅವಸರದ ಕೆಲಸಕ್ಕೆ ಮಾತ್ರ.

ಕ್ಯಾಮರ ಮತ್ತು ಸ್ಲೈಡು ಸಮಾನಾಂತರವಾಗಿ ಇವೆಯೇ ಎಂದು ತಿಳಿಯಲು ಸ್ಲೈಡಿನ ಸ್ಥಳದಲ್ಲಿ ಚಿಕ್ಕ ಕನ್ನಡಿಯ ತುಂಡನ್ನು ಇಡಬೇಕು. ಮಸೂರಕ್ಕೆ ತನ್ನದೇ ಮುಖ ಚಿತ್ರದ ನಟ್ಟನಡುವೆ ಕಂಡರೆ ಸರಿ. ಕೆಲಸವನ್ನು ರಾತ್ರಿ, ಕೋಣೆಯ ದೀಪವಾರಿಸಿ ಮಾಡುವುದು ಒಳ್ಳೆಯದು. ಫಿಲ್ಮಿನ ಮಂಕಾದ ಬದಿ ಲೇಪವಿರುವುದು, ಹೊಳೆಯುವ ಬದಿ ಬೆನ್ನು. ಅಂಗಡಿಯ ಫಲಕದ ಅಕ್ಷರ ಎಡಬಲವಾಗಿ ಕಂಡರೆ ಬದಿ ತಪ್ಪಿದೆ ಎಂದರ್ಥ.

ಇಷ್ಟೆಲ್ಲ ಮಾಡುವವರೂ ಒಂದು ಕೆಲಸವನ್ನು ಬಿಟ್ಟುಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಸ್ಲೈಡಿನ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಊರು, ಇಸವಿ, ಹೆಸರುಗಳಿರುತ್ತವೆ. ಆ ಚೌಕಟ್ಟಿನದೂ ಒಂದು ಚಿತ್ರ ತೆಗೆದಿಡಬೇಕು. ಏನೂ ಬರೆದಿಲ್ಲವಾದರೆ ಮನೆಯ ಹಿರಿಯರ ಮುಂದೆ ಚಿತ್ರವನ್ನು ದೊಡ್ಡದಾಗಿ ತೋರಿಸಿ ಕೇಳಬೇಕು. ಈ ಕೋಲ ನಡೆದುದು ಯಾವ ಗುತ್ತಿನಲ್ಲಿ, ಕಂಬಳದ ಕೋಣಗಳು ಯಾರವು, ಹಂಚಿನ ಮಾಡಿನ ಈ ಅಂಗಡಿ ಪೇಟೆಯಲ್ಲಿ ಎಲ್ಲಿತ್ತು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಬಲ್ಲವರು ಎಂಬತ್ತು ದಾಟಿದ್ದಾರೆ. ಸ್ಲೈಡಿನ ಬಣ್ಣ ಇನ್ನೂ ಹತ್ತು ವರ್ಷ ತಾಳೀತು. ಅವರ ನೆನಪಿಗೆ ಅಷ್ಟು ವಾಯಿದೆಯನ್ನು ಯಾರು ಕೊಟ್ಟಾರು? ಹೇಳಿದುದನ್ನು ಕಡತದ ಹೆಸರಿನಲ್ಲಿಯೋ ಕಾಗದದ ಪಟ್ಟಿಯಲ್ಲಿಯೋ ಅಂದೇ ಬರೆದಿಡತಕ್ಕದ್ದು.

ಕಡತಗಳನ್ನು ಎರಡು ಬೇರೆ ಡಿಸ್ಕುಗಳಲ್ಲಿ ಇರಿಸಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡುವುದು ಲೇಸು. ನೆರೆ ಬಂದರೆ ಎರಡೂ ಒಂದೇ ಬಾರಿ ಮುಳುಗಬಾರದಷ್ಟೆ. ಓಲೆ ಶತಮಾನಗಳನ್ನು ಕಂಡಿತು, ಡಿಸ್ಕಿಗೆ ಅಂತಹ ಆಯುಸ್ಸಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಲೇ ಇರಬೇಕು. ಅಂಕೀಕರಣವಾಯಿತೆಂದು ಮೂಲ ಸ್ಲೈಡನ್ನು ಎಸೆಯುವವರಿದ್ದಾರೆ, ಇದು ಅವಿವೇಕ. ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಮತ್ತೆ ಅಳೆಯಲು ಇರುವುದು ಅದೊಂದೇ. ವಿನೆಗರಿನ ಹುಳಿ ವಾಸನೆ ಬರುವ ಸ್ಲೈಡುಗಳಿದ್ದರೆ ಅವುಗಳ ಫಿಲ್ಮಿನ ಅಸಿಟೇಟು ಒಡೆಯತೊಡಗಿದೆ ಎಂದು ತಿಳಿದು ಬೇರೆಯಾಗಿ ಇಟ್ಟು, ಅವನ್ನೇ ಮೊದಲು ಅಂಕೀಕರಿಸಬೇಕು. ಆ ಆಮ್ಲದ ಆವಿ ಪಕ್ಕದವುಗಳನ್ನೂ ಕೆಡಿಸುತ್ತದೆ. ಉಳಿದವನ್ನು ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು, ಬಿಗಿಯಾದ ಮುಚ್ಚಳದ ಸ್ಟೀಲಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ತುಂಬಿಡಬೇಕು. ತೇವ ಹೀರಿದೊಡನೆ ಬಣ್ಣ ಬದಲಾಯಿಸುವ ಜಾತಿಯ ಹರಳುಗಳು ದೊರೆಯುತ್ತವೆ. ಬಣ್ಣ ಬದಲಾದಾಗ ಅವುಗಳನ್ನು ಹೊರತೆಗೆದು ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ, ಆರಿದ ಮೇಲೆ ಡಬ್ಬಿಗೆ ಮರಳಿ ಹಾಕಿದರೆ ಮತ್ತೊಂದು ಮಳೆಗಾಲಕ್ಕೆ ಒದಗುತ್ತವೆ.